ಸಭೆಗೆ ಬಾರದವರ ಮತ
ಸಹಕಾರ ಸಂಘದ ಸದಸ್ಯರು ಸಭೆ ಸೇರದೆ ತೀರ್ಮಾನ ಮಾಡಬಹುದೇ? ಕೊಳ್ಳೇಗಾಲ ಸೀಮೆಯ ಚರಿತ್ರೆಯ ಬೆಳಕಿನಲ್ಲಿ ಒಂದು ವಿಚಾರ

ಸಹಕಾರ ಸಂಘವೊಂದರಲ್ಲಿ ಕೊನೆಯ ಮಾತು ಯಾರದು? ಅಧ್ಯಕ್ಷರದೋ, ಕಾರ್ಯದರ್ಶಿಯದೋ, ಸಹಕಾರ ಇಲಾಖೆಯದೋ? ಈ ಪ್ರಶ್ನೆಗೆ ಕಾಯಿದೆ ಕೊಡುವ ಉತ್ತರ ಸರಳವಾಗಿದೆ. ಸಂಘದ ಅಂತಿಮ ಅಧಿಕಾರ ಇರುವುದು ಸರ್ವ ಸದಸ್ಯರ ಸಭೆಯಲ್ಲಿ. ಈ ಉತ್ತರವನ್ನು ಪರೀಕ್ಷೆಯಲ್ಲಿ ಬರೆದರೆ ಪೂರ್ಣ ಅಂಕ ಸಿಗುತ್ತದೆ. ಆದರೆ ಅದರೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಅಧಿಕಾರ ಇರುವುದು ಸದಸ್ಯರಲ್ಲೋ, ಸಭೆಯಲ್ಲೋ? ಐನೂರು ಸದಸ್ಯರ ಸಂಘದಲ್ಲಿ ಅರವತ್ತು ಮಂದಿ ಸಭೆಗೆ ಬಂದರೆ, ಉಳಿದ ನಾನೂರ ನಲವತ್ತು ಮಂದಿಯ ಅಭಿಪ್ರಾಯ ಎಲ್ಲಿ ಹೋಯಿತು? ಅವರು ಬಂದು ಕೂರದೆಯೇ ತಮ್ಮ ತೀರ್ಮಾನವನ್ನು ತಿಳಿಸುವ ದಾರಿ ಇದೆಯೇ?

ಇದು ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಲ್ಲಿ ಕೇವಲ ಪುಸ್ತಕದ ಪ್ರಶ್ನೆಯಲ್ಲ. ಇಲ್ಲಿ ಕಾವೇರಿ ನಾಲೆಯ ಗದ್ದೆ ಬಯಲೂ ಇದೆ, ಹಿಪ್ಪುನೇರಳೆ ತೋಟಗಳೂ ಇವೆ, ರೇಷ್ಮೆ ನೇಯುವ ಕೇರಿಗಳೂ ಇವೆ, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಪೋಡುಗಳೂ ಇವೆ. ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಬೆಟ್ಟದ ಸುತ್ತಲಿನ ಕೆಲವು ಹಳ್ಳಿಗಳ ಜನ ಬಸ್ಸು ಹಿಡಿಯುವುದಕ್ಕೇ ಕಾಡುದಾರಿ ನಡೆಯಬೇಕು. ಇಂಥ ಕಡೆ ‘ಬೆಳಿಗ್ಗೆ 11 ಗಂಟೆಗೆ ಸಂಘದ ಕಚೇರಿಯಲ್ಲಿ ಸಭೆ’ ಎಂಬ ಒಂದು ಸಾಲಿನ ನೋಟೀಸು ಎಲ್ಲ ಸದಸ್ಯರಿಗೂ ಒಂದೇ ಅರ್ಥ ಕೊಡುವುದಿಲ್ಲ. ಪೇಟೆಯ ಸದಸ್ಯನಿಗೆ ಅದು ಅರ್ಧ ಗಂಟೆಯ ಕೆಲಸ. ಪೋಡಿನ ಸದಸ್ಯಳಿಗೆ ಅದು ಒಂದು ದಿನದ ಕೂಲಿ.

ಒಂದು ಮರದ ನೆರಳಿನ ಸಂಘ

ಸಭೆಯೇ ಸಂಘದ ಪ್ರಾಣ ಎಂಬ ಭಾವನೆ ಹೇಗೆ ಬಂತು? ಇದಕ್ಕೆ ಉತ್ತರ ಹುಡುಕಿದರೆ ಚರಿತ್ರೆ ನಮ್ಮನ್ನು ಕೊಳ್ಳೇಗಾಲದ ಸಮೀಪಕ್ಕೇ ಕರೆತರುತ್ತದೆ.

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯದಲ್ಲಿರಲಿಲ್ಲ. ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯ ಕೈಪಿಡಿಯನ್ನು 1887ರಲ್ಲಿ ಸಂಪಾದಿಸಿದವರು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿ. ರೈತರ ಸಾಲದ ಬವಣೆಗೆ ಪರಿಹಾರ ಹುಡುಕುವ ಕೆಲಸವನ್ನು ಮದರಾಸು ಸರಕಾರ ಮುಂದೆ ಇವರಿಗೇ ಒಪ್ಪಿಸಿತು. ಯೂರೋಪಿನ ಸಾಲ ಸಂಘಗಳನ್ನು ಅಧ್ಯಯನ ಮಾಡಿ ಅವರು ಬರೆದ ವರದಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳಾಗಿ ಹೊರಬಂತು. ಜರ್ಮನಿಯ ಹಳ್ಳಿಗಳಲ್ಲಿ ರೈತರ ಸಾಲ ಸಂಘಗಳನ್ನು ಕಟ್ಟಿದ ಫ್ರೆಡರಿಕ್ ರೈಫೈಸನ್‌ನಂಥ ವ್ಯಕ್ತಿಯನ್ನು ಇಲ್ಲಿಯೂ ಕಂಡುಕೊಳ್ಳಬೇಕು ಎಂಬುದು ಆ ವರದಿಯ ಸಾರ. ಭಾರತದ ಮೊದಲ ಸಹಕಾರ ಕಾಯಿದೆ, ಅಂದರೆ 1904ರ ಸಹಕಾರಿ ಸಾಲ ಸಂಘಗಳ ಕಾಯಿದೆ, ಈ ಚಿಂತನೆಯ ಫಲ.

ರೈಫೈಸನ್ ಮಾದರಿಯ ಸಂಘದ ಲಕ್ಷಣಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಹಳ್ಳಿಗೆ ಒಂದು ಸಂಘ. ಸದಸ್ಯರು ಪರಸ್ಪರ ಪರಿಚಿತರು. ಹೊಣೆಗಾರಿಕೆ ಅಪರಿಮಿತ, ಎಂದರೆ ಒಬ್ಬ ಸಾಲ ತೀರಿಸದಿದ್ದರೆ ಉಳಿದವರ ಹೊಲಮನೆಯೂ ಅದಕ್ಕೆ ಜವಾಬು. ಹೀಗಿರುವಾಗ ಯಾರಿಗೆ ಸಾಲ ಕೊಡಬೇಕು, ಎಷ್ಟು ಕೊಡಬೇಕು ಎಂಬುದನ್ನು ಎಲ್ಲರ ಎದುರಿನಲ್ಲಿಯೇ ನಿರ್ಧರಿಸುವುದು ಸಹಜ. ಸಾಲ ಕೇಳಿದವನ ಎತ್ತು ಎಂಥದು, ಅವನ ನಡತೆ ಎಂಥದು ಎಂಬುದು ಊರಿಗೆಲ್ಲ ಗೊತ್ತು. ಒಂದು ಮರದ ನೆರಳು ಇಡೀ ಸಂಘಕ್ಕೆ ಸಾಕಾಗುತ್ತಿತ್ತು. 1912ರ ಕಾಯಿದೆಯೂ ಹೊಣೆ ಷೇರಿಗೆ ಸೀಮಿತವಾಗಿಲ್ಲದ ಸಂಘಗಳಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ ಎಂದು ನಿಗದಿ ಮಾಡಿತು. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 1844ರಲ್ಲಿ ಅಂಗಡಿ ತೆರೆದ ನೇಕಾರರು ಮತ್ತು ಕುಶಲಕರ್ಮಿಗಳು ಹಾಕಿಕೊಟ್ಟ ಪದ್ಧತಿಯೂ ಇದೇ ಆಗಿತ್ತು.

ಇತ್ತ ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕನ್ನಡ ನಾಡಿನ ಮೊದಲ ಕೃಷಿ ಸಾಲ ಸಂಘವನ್ನು ಕಟ್ಟಿದರು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಶಾಸನ ಮಾಡಿತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದಿದ್ದ ಯಳಂದೂರು ಮೈಸೂರಿನ ಕಡೆಗಿತ್ತು. ಪಕ್ಕದ ಕೊಳ್ಳೇಗಾಲ ಮದರಾಸಿನ ಕಡೆಗಿತ್ತು. ನೆರೆಹೊರೆಯ ಎರಡು ಊರುಗಳಿಗೆ ಎರಡು ಸರಕಾರ, ಎರಡು ಸಹಕಾರ ಶಾಸನ. ರಾಜ್ಯ ಪುನರ್ವಿಂಗಡಣೆಯ ಅನಂತರ ಬಂದ 1959ರ ಕಾಯಿದೆ ಈ ಭಾಗಗಳನ್ನೆಲ್ಲ ಒಂದೇ ಸೂತ್ರಕ್ಕೆ ತಂದಿತು. ಅದೇ ಇಂದಿನ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ. ಸದಸ್ಯನು ಖುದ್ದಾಗಿ ಬಂದು ಮತ ಹಾಕಬೇಕು, ತನ್ನ ಪರವಾಗಿ ಇನ್ನೊಬ್ಬನನ್ನು ಕಳಿಸುವಂತಿಲ್ಲ ಎಂಬುದು ಅದರ ನಿಯಮ.

ಸಂಘ ಬೆಳೆಯಿತು, ಸಭೆ ದೂರವಾಯಿತು

ಕಾಯಿದೆಯ ಕಣ್ಣಮುಂದೆ ಇದ್ದದ್ದು ಒಂದು ಹಳ್ಳಿಯ ಸಂಘ. ಸಂಘಗಳಾದರೋ ಹಳ್ಳಿಯ ಎಲ್ಲೆ ದಾಟಿ ಬೆಳೆದವು. ಇದಕ್ಕೆ ನಮ್ಮ ಸೀಮೆಯ ಒಳ್ಳೆಯ ಉದಾಹರಣೆ ಗಿರಿಜನರ ವಿವಿಧೋದ್ದೇಶ ಸಹಕಾರ ಸಂಘಗಳು. ಜನರ ಬಾಯಲ್ಲಿ ಇವು ‘ಲ್ಯಾಂಪ್ಸ್’. 1971ರಲ್ಲಿ ಕೇಂದ್ರ ಸರಕಾರ ನೇಮಿಸಿದ ಬಾವಾ ಅಧ್ಯಯನ ತಂಡದ ಸಲಹೆಯಂತೆ ದೇಶದ ಆದಿವಾಸಿ ಪ್ರದೇಶಗಳಲ್ಲಿ ಇವು ಹುಟ್ಟಿದವು. ಸಾಲ, ದಿನಸಿ, ಕಾಡಿನ ಕಿರು ಉತ್ಪನ್ನಗಳ ಮಾರಾಟ ಎಲ್ಲವೂ ಒಂದೇ ಕಡೆ ಸಿಗಲಿ, ದಲ್ಲಾಳಿಯ ಕಾಟ ತಪ್ಪಲಿ ಎಂಬುದು ಉದ್ದೇಶ. ಅದಕ್ಕಾಗಿಯೇ ಅವುಗಳ ವ್ಯಾಪ್ತಿಯನ್ನು ದೊಡ್ಡದಾಗಿ ಇಡಲಾಯಿತು.

ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಕೊಳ್ಳೇಗಾಲ ಭಾಗದಲ್ಲಿಯೂ ಇಂಥ ಸಂಘಗಳು ಬಂದವು. ಸದಸ್ಯರು ಸೋಲಿಗರು. ಅವರು ತರುವುದು ಹೆಜ್ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಪಾಚಿ. ಏಪ್ರಿಲ್‌ನಿಂದ ಜೂನ್‌ವರೆಗೆ ಜೇನಿನ ಕಾಲ; ಚಳಿಗಾಲದಲ್ಲಿ ನೆಲ್ಲಿಯ ಕಾಲ. ಆಗ ಗಂಡಸರು ಹೆಂಗಸರು ದಿನಗಟ್ಟಲೆ ಕಾಡಿನಲ್ಲಿ. ಪೋಡು ಪೋಡಿಗೂ ನಡುವೆ ಬೆಟ್ಟ, ಕಣಿವೆ, ಆನೆ ದಾರಿ. ಒಂದು ಹಳ್ಳಿಯ ಸಾಲ ಸಂಘಕ್ಕೆ ಹೊಲಿದ ಅಂಗಿಯನ್ನು ಇಡೀ ಬೆಟ್ಟಸಾಲಿಗೆ ತೊಡಿಸಿದಂತಾಯಿತು.

ಇಂಥ ಸ್ಥಿತಿಯಲ್ಲಿ ಎರಡು ಬಗೆಯ ಅಪಾಯ ಹುಟ್ಟುತ್ತದೆ. ಮೊದಲನೆಯದು, ಕಚೇರಿಗೆ ಹತ್ತಿರವಿರುವವರೇ ಎಲ್ಲವನ್ನೂ ನಿರ್ಧರಿಸುವುದು. ಎರಡನೆಯದು ಇನ್ನೂ ಕೆಟ್ಟದ್ದು. ಕೋರಂ ತುಂಬಿಸಲು ನಡವಳಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು. ಹಳ್ಳಿಗಾಡಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೆಬ್ಬೆಟ್ಟು ಒತ್ತಿದವಳಿಗೆ ಠರಾವು ಏನೆಂದು ಯಾರೂ ಓದಿ ಹೇಳಿರುವುದಿಲ್ಲ. ಕಾಗದದ ಮೇಲೆ ಅವಳು ಸಭೆಗೆ ಬಂದಿದ್ದಾಳೆ, ಒಪ್ಪಿದ್ದಾಳೆ. ಇದೂ ‘ಸಭೆ ಸೇರದೆ ತೀರ್ಮಾನ’ವೇ. ಆದರೆ ಇದು ಮತವಲ್ಲ, ಮತದ ಕಳವು.

2011ರ 97ನೆಯ ಸಂವಿಧಾನ ತಿದ್ದುಪಡಿ ಸದಸ್ಯರ ಭಾಗವಹಿಸುವಿಕೆಯನ್ನು ಹೆಚ್ಚಿಸಲು ಬಯಸಿತು. ಸದಸ್ಯರು ಕನಿಷ್ಠ ಇಷ್ಟು ಸಭೆಗಳಿಗೆ ಬರಬೇಕು, ಕನಿಷ್ಠ ಇಷ್ಟು ಸೇವೆಯನ್ನು ಸಂಘದಿಂದ ಪಡೆಯಬೇಕು ಎಂದು ರಾಜ್ಯಗಳು ನಿಯಮ ಮಾಡಬಹುದೆಂದು ಅದು ಹೇಳಿತು. ಕರ್ನಾಟಕವೂ ತನ್ನ ಕಾಯಿದೆಯಲ್ಲಿ ಆ ಬಗೆಯ ನಿಯಮ ತಂದಿತು. ಕನಿಷ್ಠ ಅರ್ಧದಷ್ಟು ರಾಜ್ಯಗಳ ಅನುಮೋದನೆ ಪಡೆಯದ ಕಾರಣ ರಾಜ್ಯಗಳ ಸಂಘಗಳಿಗೆ ಆ ತಿದ್ದುಪಡಿಯ ಭಾಗ ಅನ್ವಯಿಸದೆಂದು ಸುಪ್ರೀಂ ಕೋರ್ಟು 2021ರ ಜುಲೈನಲ್ಲಿ ತೀರ್ಪು ಕೊಟ್ಟಿತು. ನ್ಯಾಯಾಲಯದ ಮಾತು ಒತ್ತಟ್ಟಿಗಿರಲಿ. ಸಭೆಗೆ ಬಾರದ ಸೋಮಾರಿಗೂ, ಬರಲಾಗದ ದುಡಿಮೆಗಾರಳಿಗೂ ಒಂದೇ ಶಿಕ್ಷೆಯಾದರೆ ನ್ಯಾಯವೇ ಎಂಬ ಪ್ರಶ್ನೆ ನಮ್ಮ ಮುಂದೆ ಉಳಿದೇ ಇದೆ.

ನಾಲ್ಕು ದಾರಿಗಳು

ಸಭೆ ಸೇರದೆ ತೀರ್ಮಾನಕ್ಕೆ ಬರುವ ಯತ್ನಗಳು ಸಹಕಾರ ಚಳುವಳಿಯಲ್ಲಿ ಹೊಸವಲ್ಲ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ನೋಡೋಣ.

ಮೊದಲನೆಯದು, ನಿಯಮವನ್ನು ಒಮ್ಮೆ ಮಾಡಿಟ್ಟು ಮುಂದಿನ ತೀರ್ಮಾನಗಳನ್ನು ಅದಕ್ಕೇ ಬಿಡುವುದು. ಹಾಲಿನ ಡೇರಿ ಇದಕ್ಕೆ ಸೊಗಸಾದ ನಿದರ್ಶನ. ಯಾರ ಹಾಲು ಗಟ್ಟಿ, ಯಾರದು ನೀರು ಎಂಬುದನ್ನು ಪ್ರತಿದಿನ ಸಭೆ ಕರೆದು ತೀರ್ಮಾನಿಸಲಾದೀತೇ? ಸ್ವಿಸ್ ವಿಜ್ಞಾನಿ ಗರ್ಬರ್ 1890ರ ದಶಕದ ಆರಂಭದಲ್ಲಿ ರೂಪಿಸಿದ ಪರೀಕ್ಷೆ ಈ ಜಗಳವನ್ನು ಬಗೆಹರಿಸಿತು. ಗಾಜಿನ ಕೊಳವೆಯಲ್ಲಿ ಗಂಧಕಾಮ್ಲ, ಹಾಲು, ಸ್ವಲ್ಪ ಅಮೈಲ್ ಆಲ್ಕೋಹಾಲ್ ಹಾಕಿ ಗಿರಕಿ ಯಂತ್ರದಲ್ಲಿ ತಿರುಗಿಸಿದರೆ ಕೊಬ್ಬು ಮೇಲೆ ಬಂದು ನಿಲ್ಲುತ್ತದೆ. ಕೊಳವೆಯ ಗೀಟುಗಳನ್ನು ಓದಿದರೆ ಆಯಿತು. 1970ರ ದಶಕದ ನಡುವಿನಲ್ಲಿ ವಿಶ್ವಬ್ಯಾಂಕಿನ ನೆರವಿನ ಡೇರಿ ಯೋಜನೆ ಆಗಿನ ಮೈಸೂರು ಜಿಲ್ಲೆಗೂ ಬಂತು. ಕೊಳ್ಳೇಗಾಲ, ಯಳಂದೂರುಗಳು 1997ರವರೆಗೆ ಆ ಜಿಲ್ಲೆಯಲ್ಲೇ ಇದ್ದವು. ಹೀಗೆ ಜಿಡ್ಡಿನ ಅಂಶಕ್ಕೆ ತಕ್ಕ ಬೆಲೆ ಎಂಬ ಸೂತ್ರ ಹಳ್ಳಿಗಳಿಗೆ ತಲುಪಿತು. ಒಂದು ಲೀಟರ್ ಹಾಕುವ ವಿಧವೆಗೂ ಇಪ್ಪತ್ತು ಲೀಟರ್ ಹಾಕುವ ಗೌಡರಿಗೂ ಒಂದೇ ಅಳತೆ, ಒಂದೇ ಪಟ್ಟಿ. ಆದರೆ ಒಂದು ಮಾತನ್ನು ಮರೆಯಬಾರದು. ಪಟ್ಟಿಯನ್ನೇ ಬದಲಿಸಬೇಕಾದಾಗ ಯಂತ್ರ ನೆರವಿಗೆ ಬಾರದು. ಅಲ್ಲಿ ಸದಸ್ಯರೇ ಮಾತಾಡಬೇಕು.

ಎರಡನೆಯದು, ಕಾಗದ ಸುತ್ತಿಸಿ ಒಪ್ಪಿಗೆ ಪಡೆಯುವುದು. ತುರ್ತು ಇದ್ದಾಗ ಠರಾವಿನ ಕರಡನ್ನು ಬರೆದು ಪ್ರತಿಯೊಬ್ಬ ನಿರ್ದೇಶಕರ ಬಳಿಗೂ ಕಳಿಸಿ ಒಪ್ಪಿಗೆ ಅಥವಾ ವಿರೋಧವನ್ನು ಬರಹದಲ್ಲಿ ಪಡೆಯುತ್ತಾರೆ. ಕಂಪನಿಗಳ ಆಡಳಿತ ಮಂಡಳಿಗೆ 2013ರ ಕಂಪನಿ ಕಾಯಿದೆ ಈ ಅವಕಾಶ ಕೊಟ್ಟಿದೆ. ಅಲ್ಲಿ ಒಂದು ರಕ್ಷಣೆಯೂ ಇದೆ. ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ನಿರ್ದೇಶಕರು ‘ಈ ವಿಷಯ ಸಭೆಯಲ್ಲೇ ಚರ್ಚೆಯಾಗಬೇಕು’ ಎಂದರೆ ಕಾಗದವನ್ನು ನಿಲ್ಲಿಸಿ ಸಭೆ ಕರೆಯಲೇಬೇಕು. ಹತ್ತು ಹನ್ನೆರಡು ಮಂದಿಯ ಮಂಡಳಿಗೆ ಈ ದಾರಿ ಸರಿ. ಸಾವಿರ ಸದಸ್ಯರಿಗೆ ಇದನ್ನೇ ಹೊಂದಿಸಲು ಹೋದರೆ ನಡವಳಿ ಪುಸ್ತಕದ ಹೆಬ್ಬೆಟ್ಟಿನ ಕಥೆಯೇ ಮರುಕಳಿಸೀತು.

ಮೂರನೆಯದು ಪ್ರತಿನಿಧಿಗಳನ್ನು ಆರಿಸುವುದು. ಊರೂರಿಗೆ ಒಬ್ಬ ಪ್ರತಿನಿಧಿ. ಅವರೆಲ್ಲ ಸೇರಿದ್ದೇ ಮಹಾಸಭೆ. ಹಳ್ಳಿಯ ಹಾಲಿನ ಸಂಘಗಳು ಜಿಲ್ಲಾ ಒಕ್ಕೂಟಕ್ಕೆ ತಮ್ಮ ಪ್ರತಿನಿಧಿಗಳನ್ನು ಕಳಿಸುವುದು ಇದೇ ತತ್ತ್ವದ ಮೇಲೆ. ಇದರಿಂದ ದೂರದ ತೊಂದರೆ ತಗ್ಗುತ್ತದೆ. ಆದರೆ ಪ್ರತಿನಿಧಿ ಊರಿಗೆ ಹಿಂದಿರುಗಿ ‘ಇಂಥದು ನಡೆಯಿತು, ನಾನು ಹೀಗೆ ಮತ ಹಾಕಿದೆ’ ಎಂದು ಲೆಕ್ಕ ಒಪ್ಪಿಸದಿದ್ದರೆ ಆತ ಪ್ರತಿನಿಧಿಯಾಗಿ ಉಳಿಯುವುದಿಲ್ಲ, ಯಜಮಾನನಾಗುತ್ತಾನೆ.

ನಾಲ್ಕನೆಯದೇ ನಿಜವಾಗಿ ಸಭೆಯಿಲ್ಲದ ತೀರ್ಮಾನ: ಎಲ್ಲ ಸದಸ್ಯರೂ ಬರಹದಲ್ಲಿ ಮತ ನೀಡುವುದು. ಇದನ್ನು ಕಾಯಿದೆಯಲ್ಲಿಯೇ ಬರೆದಿಟ್ಟ ದೇಶ ಸ್ವಿಟ್ಜರ್ಲೆಂಡ್. ಅಲ್ಲಿನ ಕಾನೂನಿನಂತೆ 300ಕ್ಕಿಂತ ಹೆಚ್ಚು ಸದಸ್ಯರಿರುವ ಸಹಕಾರ ಸಂಘವು ಮಹಾಸಭೆಯ ಅಧಿಕಾರವನ್ನು ಪೂರ್ತಿಯಾಗಿ ಅಥವಾ ಭಾಗಶಃ ಬರಹದ ಮತದಾನಕ್ಕೆ ವಹಿಸಬಹುದು. ಸಂಘದ ಬೈಲಾದಲ್ಲಿ ಹಾಗೆಂದು ಬರೆದಿರಬೇಕು, ಅಷ್ಟೆ. ಗಾಟ್ಲೀಬ್ ಡುಟ್‌ವೈಲರ್ 1925ರಲ್ಲಿ ಐದು ಮೋಟಾರು ಗಾಡಿಗಳಲ್ಲಿ ದಿನಸಿ ಮಾರುತ್ತ ಆರಂಭಿಸಿದ ‘ಮೀಗ್ರೋ’ ಎಂಬ ಸಂಸ್ಥೆ 1941ರಲ್ಲಿ ಸಹಕಾರಿಯಾಯಿತು. ಇಂದು ಅದರ ಸದಸ್ಯರು 20 ಲಕ್ಷಕ್ಕೂ ಹೆಚ್ಚು. ಇಷ್ಟು ಜನರನ್ನು ಯಾವ ಮೈದಾನದಲ್ಲಿ ಕೂರಿಸುವುದು? ತನ್ನ ಅಂಗಡಿಗಳಲ್ಲಿ ಮದ್ಯ ಮಾರುವುದಿಲ್ಲ ಎಂಬ ಹಳೆಯ ನಿಯಮವನ್ನು ಸಡಿಲಿಸಬೇಕೇ ಎಂಬ ಪ್ರಶ್ನೆ 2022ರಲ್ಲಿ ಸದಸ್ಯರ ಮುಂದೆ ಬಂತು. ಹತ್ತು ಪ್ರಾದೇಶಿಕ ಸಂಘಗಳಲ್ಲಿ ಮತದಾನ ನಡೆಯಿತು. ಬದಲಾವಣೆಗೆ ಮೂರನೇ ಎರಡರಷ್ಟು ಮತ ಬೇಕಿತ್ತು. ಹತ್ತೂ ಕಡೆ ಸದಸ್ಯರು ಬೇಡವೆಂದರು. ವ್ಯಾಪಾರದ ಲಾಭಕ್ಕಿಂತ ಹಳೆಯ ಮಾತು ಮುಖ್ಯವೆಂದು ಲಕ್ಷಾಂತರ ಮಂದಿ ತಮ್ಮ ಮನೆಯಲ್ಲೇ ಕುಳಿತು ತಿಳಿಸಿದರು. ಹಾಗಿದ್ದೂ ಮತ ಕಳಿಸಿದವರು ಒಟ್ಟು ಸದಸ್ಯರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಎಂಬುದನ್ನು ನೆನಪಿಡಬೇಕು. ಮತಪತ್ರ ಮನೆಗೇ ಬಂದರೂ ಎಲ್ಲರೂ ಅದನ್ನು ತುಂಬುವುದಿಲ್ಲ.

ಸಭೆ ಮಾಡುವ ಕೆಲಸವೇನು?

ವಿಜ್ಞಾನದ ಪ್ರಯೋಗಶಾಲೆಯಲ್ಲಿ ಒಂದು ಉಪಕರಣದ ಬದಲು ಇನ್ನೊಂದನ್ನು ಇಡುವ ಮೊದಲು, ಹಳೆಯದು ಏನೇನು ಕೆಲಸ ಮಾಡುತ್ತಿತ್ತು ಎಂದು ಪಟ್ಟಿ ಮಾಡುತ್ತೇವೆ. ಸಭೆಯ ವಿಷಯದಲ್ಲೂ ಹಾಗೆಯೇ ಮಾಡೋಣ.

ಕೈ ಎತ್ತಿಸಿ ಎಣಿಸುವುದು ಸಭೆಯ ಕೊನೆಯ ಕೆಲಸ ಮಾತ್ರ. ಅದಕ್ಕೆ ಮೊದಲು ಎಲ್ಲರ ಮುಂದೆ ಒಂದೇ ಪ್ರಶ್ನೆ ಇಡಲಾಗುತ್ತದೆ. ಲೆಕ್ಕಪತ್ರ ಓದಲಾಗುತ್ತದೆ. ‘ಈ ಖರ್ಚು ಯಾಕೆ?’ ಎಂದು ಕೇಳುವವರು ಎದ್ದು ನಿಲ್ಲುತ್ತಾರೆ. ಅವರನ್ನು ನೋಡಿ ಮತ್ತೊಬ್ಬರಿಗೆ ಧೈರ್ಯ ಬರುತ್ತದೆ. ಕೆಲವೊಮ್ಮೆ ಪ್ರಶ್ನೆಯೇ ಬದಲಾಗುತ್ತದೆ: ಗೋದಾಮು ಬೇಕೋ ಬೇಡವೋ ಎಂದು ಆರಂಭವಾದ ಚರ್ಚೆ, ಗೋದಾಮು ಯಾವ ಊರಿನಲ್ಲಿ ಎಂಬಲ್ಲಿಗೆ ತಿರುಗುತ್ತದೆ. ಅಂಚೆಯಲ್ಲಿ ಬಂದ ಮತಪತ್ರಕ್ಕೆ ಹೌದು ಅಥವಾ ಅಲ್ಲ ಎನ್ನಬಹುದೇ ಹೊರತು, ‘ಪ್ರಶ್ನೆಯೇ ತಪ್ಪು’ ಎನ್ನಲಾಗದು. ಪ್ರಶ್ನೆ ಬರೆಯುವವನ ಕೈಯಲ್ಲಿ ಅರ್ಧ ಉತ್ತರ ಇರುತ್ತದೆ.

2020ರಲ್ಲಿ ಕೋವಿಡ್ ಬಂದಾಗ ಜಗತ್ತಿನಲ್ಲೆಲ್ಲ ಸಭೆಗಳು ನಿಂತವು. ಕಂಪನಿಗಳು ವಿಡಿಯೊ ಮೂಲಕ ವಾರ್ಷಿಕ ಸಭೆ ನಡೆಸಲು ಕೇಂದ್ರ ಸರಕಾರ ಆ ವರ್ಷದ ಮೇ ತಿಂಗಳಲ್ಲಿ ಅವಕಾಶ ಕೊಟ್ಟಿತು. ನಗರದ ಷೇರುದಾರನಿಗೆ ಅದು ಅನುಕೂಲವಾಯಿತು. ಸಿಗ್ನಲ್ ಸಿಗದ ಕಾಡಂಚಿನ ಸದಸ್ಯನಿಗೆ ಅದು ಇನ್ನೊಂದು ಬೆಟ್ಟವೇ ಸರಿ. ಹೊಸ ಸಾಧನ ಬಂದಾಗಲೆಲ್ಲ, ಇದರಿಂದ ಯಾರು ಒಳಗೆ ಬಂದರು, ಯಾರು ಹೊರಗೆ ಉಳಿದರು ಎಂದು ಎಣಿಸಿ ನೋಡಬೇಕಾಗುತ್ತದೆ.

ಬೆಟ್ಟ ಕಲಿಸಿದ ಪಾಠ

ಇನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಹಿಂದಿರುಗೋಣ. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಆಮೇಲೂ ಸೋಲಿಗರು ಲ್ಯಾಂಪ್ಸ್ ಸಂಘದ ಮೂಲಕ ಕಿರು ಉತ್ಪನ್ನ ಸಂಗ್ರಹಿಸಿ ಮಾರುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ಅನಂತರ, ಆ ದಶಕದ ನಡುವಿನಲ್ಲಿ, ಮಾರಾಟಕ್ಕಾಗಿ ಸಂಗ್ರಹಿಸುವುದನ್ನು ನಿಲ್ಲಿಸಲಾಯಿತು. ಸಂಘದ ವಹಿವಾಟು ಕುಸಿಯಿತು. ಸದಸ್ಯರ ಬದುಕನ್ನೇ ಬದಲಿಸಿದ ಈ ತೀರ್ಮಾನವನ್ನು ಸದಸ್ಯರು ಸಭೆ ಸೇರಿಯೂ ಮಾಡಿರಲಿಲ್ಲ, ಸೇರದೆಯೂ ಮಾಡಿರಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.

2006ರ ಅರಣ್ಯ ಹಕ್ಕು ಕಾಯಿದೆ ಬೇರೆ ದಾರಿ ತೆರೆಯಿತು. ಅದು ತೀರ್ಮಾನದ ಜಾಗವನ್ನು ತಾಲ್ಲೂಕು ಕೇಂದ್ರದಿಂದ ಪೋಡಿಗೆ ತಂದಿತು. ಪೋಡಿನ ಮಟ್ಟದಲ್ಲಿಯೇ ಗ್ರಾಮಸಭೆ. 2012ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಅದರ ಕೋರಂ ಒಟ್ಟು ಸದಸ್ಯರ ಅರ್ಧಕ್ಕೆ ಕಡಿಮೆಯಿರಬಾರದು; ಬಂದವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿಯೇ ಮೊದಲು.

ಗ್ರಾಮಸಭೆ ಬೇರೆ, ಸಹಕಾರ ಸಂಘ ಬೇರೆ ಎಂಬುದು ನಿಜ. ಆದರೆ ಸಂಘಗಳು ಇದರಿಂದ ಕಲಿಯಬಹುದಾದದ್ದು ಇದೆ. ಸದಸ್ಯರನ್ನೆಲ್ಲ ಒಂದು ಸಭೆಗೆ ಕರೆತರಲಾಗದಿದ್ದರೆ, ಸಭೆಯನ್ನೇ ಚೂರು ಮಾಡಿ ಸದಸ್ಯರ ಬಳಿಗೆ ಒಯ್ಯಬಹುದು. ಒಂದೇ ಪ್ರಶ್ನೆ, ಒಂದೇ ಲೆಕ್ಕಪತ್ರ ಹತ್ತು ಪೋಡುಗಳಿಗೆ ಹೋಗಲಿ. ಅಲ್ಲಲ್ಲಿ ಓದಿ ಹೇಳಲಿ, ವಾದ ನಡೆಯಲಿ, ಗುಟ್ಟಾಗಿ ಮತ ಬೀಳಲಿ, ಅಲ್ಲಿಯೇ ಎಣಿಕೆಯಾಗಲಿ. ಹತ್ತೂ ಕಡೆಯ ಮತಗಳನ್ನು ಕೂಡಿಸಿದ್ದು ಸಂಘದ ತೀರ್ಮಾನ. ಇಂದಿನ ಕಾಯಿದೆಯಡಿ ಇದು ಮಹಾಸಭೆಗೆ ಬದಲಿಯಾಗಲಾರದು. ಆದರೆ ಮಹಾಸಭೆಗೆ ಮೊದಲು ಹೀಗೆ ಅಭಿಪ್ರಾಯ ಪಡೆದು ನಡವಳಿಯಲ್ಲಿ ದಾಖಲಿಸುವುದರಿಂದ, ಮಹಾಸಭೆ ಕಚೇರಿಯ ಹತ್ತಿರದವರ ಸ್ವತ್ತಾಗುವುದು ತಪ್ಪೀತು.

ಹಾಗಾದರೆ ಸಭೆಯಿಲ್ಲದ ತೀರ್ಮಾನ ನ್ಯಾಯವಾದದ್ದೆಂದು ಯಾವಾಗ ಹೇಳಬಹುದು? ಪ್ರಶ್ನೆ ಎಲ್ಲರಿಗೂ ಒಂದೇ ಮಾತಿನಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ ತಲುಪಿರಬೇಕು. ಪರ ವಿರೋಧ ಎರಡೂ ವಾದಗಳು ಜೊತೆಗಿರಬೇಕು. ಯೋಚಿಸಲು ಸಮಯ ಇರಬೇಕು. ಮತ ಗುಟ್ಟಾಗಿರಬೇಕು, ಎಣಿಕೆ ಬಹಿರಂಗವಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ‘ಇದಕ್ಕೆ ಸಭೆಯೇ ಬೇಕು’ ಎಂದು ನಿರ್ದಿಷ್ಟ ಸಂಖ್ಯೆಯ ಸದಸ್ಯರು ಸಹಿ ಹಾಕಿ ಕೇಳಿದರೆ ಸಭೆ ನಡೆಯಲೇಬೇಕು. ಈ ಕೊನೆಯ ಹಕ್ಕು ಇಲ್ಲದ ಕಡೆ ಉಳಿದವೆಲ್ಲ ಕಾಗದದ ಹೂವು.

ವಿದ್ಯಾರ್ಥಿಗಳು ಈ ಚರ್ಚೆಯನ್ನು ತಮ್ಮ ಊರಿನಲ್ಲಿಯೇ ಮುಂದುವರಿಸಬಹುದು. ನಿಮ್ಮ ಮನೆಯವರು ಹಾಲಿನ ಸಂಘಕ್ಕೋ, ಕೃಷಿ ಪತ್ತಿನ ಸಂಘಕ್ಕೋ, ನೇಕಾರರ ಸಂಘಕ್ಕೋ ಸದಸ್ಯರಾಗಿರಬಹುದು. ಬೈಲಾ ಪುಸ್ತಕವನ್ನು ತೋರಿಸುವಂತೆ ಅವರ ಮೂಲಕ ಕಾರ್ಯದರ್ಶಿಯವರನ್ನು ಕೇಳಿ. ಸದಸ್ಯರೆಷ್ಟು, ಕೋರಂ ಎಷ್ಟು, ಕಳೆದ ಮಹಾಸಭೆಗೆ ಬಂದವರೆಷ್ಟು ಎಂದು ಬರೆದುಕೊಳ್ಳಿ. ಅನಂತರ ಬಾರದವರಲ್ಲಿ ಐದು ಮಂದಿಯನ್ನು ಭೇಟಿಯಾಗಿ, ಯಾಕೆ ಬರಲಿಲ್ಲ, ಬಂದಿದ್ದರೆ ಏನು ಕೇಳುತ್ತಿದ್ದಿರಿ ಎಂದು ವಿಚಾರಿಸಿ. ಅವರು ಕೊಡುವ ಉತ್ತರ ಯಾವ ನಡವಳಿ ಪುಸ್ತಕದಲ್ಲಿಯೂ ಇರುವುದಿಲ್ಲ.